ಹೊಸ ಅಕ್ವೇರಿಯಂನಲ್ಲಿ ಅಮೋನಿಯಾ ಇಳಿಸುವ ಬಗೆ: ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಹೊಸ ಟ್ಯಾಂಕಿಗೆ ಮೀನು ಬಿಟ್ಟ ಒಂದೆರಡು ವಾರದಲ್ಲೇ ಅವು ಒಂದೊಂದಾಗಿ ಸಾಯತೊಡಗಿದರೆ ಎಲ್ಲರೂ ಮೊದಲು ರೋಗ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ರೋಗವಲ್ಲ, ಅಮೋನಿಯಾ. ನೀರು ಗಾಜಿನಷ್ಟು ತಿಳಿಯಾಗಿದ್ದರೂ, ವಾಸನೆಯೇ ಇಲ್ಲದಿದ್ದರೂ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಅದರಲ್ಲಿ ಇರಬಹುದು.

ಆಗ ಮನೆಯಲ್ಲಿ ಯಾರಾದರೊಬ್ಬರು ಹೇಳುವ ಮಾತು ಒಂದೇ: "ನೀರು ಕೆಟ್ಟಿದೆ, ಎಲ್ಲಾ ಖಾಲಿ ಮಾಡಿ ತೊಳೆದುಬಿಡೋಣ." ದಯವಿಟ್ಟು ಹಾಗೆ ಮಾಡಬೇಡಿ. ಅಮೋನಿಯಾವನ್ನು ಇವತ್ತು ಇಳಿಸುವುದು ನೀರು ಬದಲಾವಣೆ. ಅದು ಮತ್ತೆ ಏರದಂತೆ ತಡೆಯುವುದು ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ಎಲ್ಲವನ್ನೂ ಉಜ್ಜಿ ತೊಳೆದರೆ ಆಗ ತಾನೇ ಬೆಳೆಯುತ್ತಿದ್ದ ಬ್ಯಾಕ್ಟೀರಿಯಾ ಹೋಗುತ್ತದೆ, ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಭಾನುವಾರ ಟ್ಯಾಂಕ್ ತೊಳೆಯುವ ಮನೆಗಳಲ್ಲಿ ಮೀನು ನಿಲ್ಲದಿರುವುದಕ್ಕೆ ಇದೇ ಕಾರಣ.

ಅಮೋನಿಯಾ ಎಲ್ಲಿಂದ ಬರುತ್ತದೆ?

ಮೀನು ತಿಂದ ಪ್ರೋಟೀನ್ ದೇಹದಲ್ಲಿ ಕರಗಿದಾಗ ಅಮೋನಿಯಾ ಆಗುತ್ತದೆ. ಮೀನು ಅದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ತಿಂಡಿ, ಹಿಕ್ಕೆ, ಕೊಳೆತ ಎಲೆ, ಜಲ್ಲಿಯ ಸಂದಿಯಲ್ಲಿ ಸತ್ತು ಬಿದ್ದ ಮೀನು, ಇವೆಲ್ಲವೂ ಕೊಳೆತು ಅಮೋನಿಯಾ ಆಗುತ್ತವೆ.

ಒಂದು ಲೆಕ್ಕ ನೋಡಿ. ಒಂದು ಗ್ರಾಂ ಒಣ ತಿಂಡಿ ಹಾಕಿದರೆ ಸುಮಾರು 30 ಮಿಲಿಗ್ರಾಂ ಅಮೋನಿಯಾ ಹುಟ್ಟುತ್ತದೆ ಎನ್ನುವುದು ಮೀನು ಸಾಕಣೆಯವರ ಅಂದಾಜು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿನಲ್ಲಿ ಜಲ್ಲಿ ಹಾಗೂ ಮೇಲಿನ ಖಾಲಿ ಜಾಗ ಕಳೆದರೆ ನಿಲ್ಲುವುದು ಸುಮಾರು 45 ಲೀಟರ್ ನೀರು. ಅಂದರೆ ಒಂದು ಗ್ರಾಂ ತಿಂಡಿಗೆ ಲೀಟರಿಗೆ 0.6 ಮಿಲಿಗ್ರಾಂಗಿಂತ ಜಾಸ್ತಿ. ತಿಂಡಿ ಸುಮ್ನೆ ತಳದಲ್ಲಿ ಕೊಳೆತರೆ ಇದು ಇನ್ನೂ ಏರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಅದನ್ನು ಒಂದು ಪಿಪಿಎಂ ಎನ್ನುತ್ತಾರೆ. ಟೆಸ್ಟ್ ಕಿಟ್‌ಗಳ ಮೇಲೆ ಇರುವುದು ಇದೇ ಅಳತೆ.

ಹಳೆಯ ಟ್ಯಾಂಕಿನಲ್ಲಿ ಇಷ್ಟು ಅಮೋನಿಯಾ ಹುಟ್ಟಿದರೂ ಗೊತ್ತಾಗುವುದಿಲ್ಲ. ಅಲ್ಲಿ ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೊಸ್ಪೈರಾ ಎಂಬ ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, 40 ಪಿಪಿಎಂ ಒಳಗಿದ್ದರೆ ಸಾಮಾನ್ಯ ಮೀನುಗಳಿಗೆ ತೊಂದರೆ ಇಲ್ಲ. ಈ ಬ್ಯಾಕ್ಟೀರಿಯಾಗಳು ಇರುವುದು ನೀರಿನಲ್ಲಿ ಅಲ್ಲ. ಫಿಲ್ಟರಿನ ಸ್ಪಂಜ್, ಜಲ್ಲಿ, ಗಾಜು, ಗಿಡದ ಎಲೆ, ಹೀಗೆ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಅದಕ್ಕೇ ಅರ್ಧ ನೀರು ಚೆಲ್ಲಿದರೂ ಅವುಗಳಿಗೆ ನಷ್ಟವಿಲ್ಲ, ಸ್ಪಂಜನ್ನು ನಲ್ಲಿ ನೀರಲ್ಲಿ ಹಿಂಡಿದರೆ ಮಾತ್ರ ನಷ್ಟ. ಅವು ಬೆಳೆಯುವುದು ಬಹಳ ನಿಧಾನ. ಹೊಸ ಟ್ಯಾಂಕ್ ಪಕ್ಕಾ ಆಗಲು ನಾಲ್ಕರಿಂದ ಆರು ವಾರ ಬೇಕು, ಚಳಿಗಾಲವಾದರೆ ಇನ್ನೂ ಜಾಸ್ತಿ.

ಮೀನು ಒದ್ದಾಡುತ್ತಿದೆಯೇ? ಮೊದಲ ಅರ್ಧ ಗಂಟೆ ಹೀಗೆ ಮಾಡಿ

ಮೀನು ನೀರಿನ ಮೇಲ್ಗಡೆ ಬಂದು ಬಾಯಿ ಬಿಡುವುದು, ಕಿವಿರು ಕೆಂಪಾಗುವುದು, ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ಕೂರುವುದು, ತಿಂಡಿ ಮುಟ್ಟದಿರುವುದು, ಇವು ಅಮೋನಿಯಾ ಏಟಿನ ಗುರುತುಗಳು. ಬೆಟ್ಟಾ, ಗೌರಾಮಿಯಂಥವು ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ.

ತಿಂಡಿ ಹಾಕುವುದನ್ನು ಈಗಲೇ ನಿಲ್ಲಿಸಿ. ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನ ತಿಂಡಿ ಇಲ್ಲದೆ ಆರಾಮಾಗಿ ಇರುತ್ತದೆ. ಮಕ್ಕಳಿಗೆ ಪಾಪ ಅನಿಸುತ್ತದೆ, ಅಲ್ವಾ? ತಿಂಡಿ ಡಬ್ಬಿಯನ್ನು ಅವರ ಕೈಗೆ ಸಿಗದ ಕಡೆ ಇಡಿ. ಏರ್ ಪಂಪ್ ಇದ್ದರೆ ಜೋರಾಗಿ ಓಡಿಸಿ. ಸತ್ತ ಮೀನು, ಕೊಳೆತ ಎಲೆ, ತಳದ ತಿಂಡಿ ತೆಗೆಯಿರಿ. ಮೀನುಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಅದು ಕಲ್ಲಿನ ಹಿಂದೆ ಅಥವಾ ಆಟಿಕೆಯ ಒಳಗೆ ಸತ್ತಿರಬಹುದು.

ಆಮೇಲೆ ನೀರು ಪರೀಕ್ಷೆ. ಮೀನು ಸಾಯುವ ಹಂತದಲ್ಲಿದ್ದು ಕೈಯಲ್ಲಿ ಕಿಟ್ ಇಲ್ಲದಿದ್ದರೆ ಕಾಯಬೇಡಿ. ಮೂರನೇ ಒಂದು ಭಾಗ ನೀರು ಬದಲಾಯಿಸಿ, ಕಿಟ್ ಆಮೇಲೆ ತರಿಸಿ.

ಪರೀಕ್ಷೆ: ಟ್ಯಾಂಕಿನ ನೀರೂ, ನಲ್ಲಿ ನೀರೂ

ಪಟ್ಟಿ ಅದ್ದುವ ಕಿಟ್‌ಗಿಂತ ಹನಿ ಹಾಕುವ ಕಿಟ್ ನಂಬಿಕೆಗೆ ಯೋಗ್ಯ. ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎನ್ನುವ ಅಳತೆ; 7 ಎಂದರೆ ನಡುಮಟ್ಟ, ಮೇಲೆ ಹೋದಷ್ಟೂ ಕ್ಷಾರ) ಮೂರೂ ಬೇಕು. ಇಲ್ಲಿನ ಅಂಗಡಿಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಒಂದು ಜೊತೆ ಗೋಲ್ಡ್‌ಫಿಶ್ ಕಡಿಮೆ ಕೊಂಡರೂ ಪರವಾಗಿಲ್ಲ, ಕಿಟ್ ಇರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾಟಲಿಯ ಮೇಲಿನ ಅವಧಿ ನೋಡಿ, ಹೇಳಿದಷ್ಟು ಹೊತ್ತು ಕಾಯಿರಿ, ಬಣ್ಣವನ್ನು ಹಗಲು ಬೆಳಕಿನಲ್ಲಿ ಹೋಲಿಸಿ. ಹೆಚ್ಚು ಬಳಕೆಯಲ್ಲಿರುವ ಅಮೋನಿಯಾ ಕಿಟ್‌ಗಳಲ್ಲಿ ಹಳದಿ ಎಂದರೆ ಸೊನ್ನೆ, ಹಸಿರು ಗಾಢವಾದಷ್ಟೂ ಅಮೋನಿಯಾ ಜಾಸ್ತಿ. ಹಳದಿ ಬಲ್ಬಿನ ಕೆಳಗೆ ತಿಳಿಹಸಿರೂ ಹಳದಿಯಾಗಿ ಕಾಣುತ್ತದೆ.

ಹೊಸದಾಗಿ ಹಾಕುವ ನೀರನ್ನೂ ಒಮ್ಮೆ ಪರೀಕ್ಷಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೊಟ್ಟಿಗೆ, ಗೊಬ್ಬರದ ಗುಂಡಿಯ ಹತ್ತಿರದ ಬಾವಿಯಾದರೆ ಆ ನೀರಿನಲ್ಲೇ ಅಮೋನಿಯಾ, ನೈಟ್ರೇಟ್ ಇರಬಹುದು. ಅಂಥ ನೀರಿನಿಂದ ಎಷ್ಟು ಬದಲಾಯಿಸಿದರೂ ಟ್ಯಾಂಕ್ ಸರಿಹೋಗುವುದಿಲ್ಲ.

ಅಂಕಿ ನೋಡಿ ಏನು ಮಾಡಬೇಕು? 0.25 ಪಿಪಿಎಂ ಬಂದರೆ ತಿಂಡಿ ಅರ್ಧಕ್ಕೆ ಇಳಿಸಿ, ಕಾಲು ಭಾಗ ನೀರು ಬದಲಾಯಿಸಿ, ನಾಳೆ ಮತ್ತೆ ನೋಡಿ. 0.5 ರಿಂದ 1 ಇದ್ದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬದಲಾಯಿಸಿ, ಇಳಿಯುವ ತನಕ ದಿನಾ ಮಾಡಿ. 2 ಅಥವಾ ಅದಕ್ಕೂ ಮೇಲಿದ್ದರೆ ಈಗ ಅರ್ಧ, ಸಂಜೆ ಮತ್ತೆ ಅರ್ಧ. ಅರ್ಧ ನೀರು ತೆಗೆದರೆ ಅಮೋನಿಯಾ ಅರ್ಧಕ್ಕೆ ಬರುತ್ತದೆ, ಅಷ್ಟೇ. 2 ಇದ್ದದ್ದು 1 ಆಗುತ್ತದೆ, ಎರಡನೇ ಸಲಕ್ಕೆ 0.5, ಮೂರನೇ ಸಲಕ್ಕೆ 0.25. ಒಂದೇ ಸಲಕ್ಕೆ ಸೊನ್ನೆ ಮಾಡುತ್ತೇನೆಂದು ಎಲ್ಲಾ ನೀರು ಚೆಲ್ಲಬೇಡಿ. ತಾಪ, ಪಿಎಚ್ ಏಕಾಏಕಿ ಬದಲಾದರೆ ಮೀನಿಗೆ ಅದೇ ದೊಡ್ಡ ಪೆಟ್ಟು.

ಆದರೆ ಈ ಅಂಕಿಗಳನ್ನು ಹಿಡಿದು ಕೈ ಹಾಕುವ ಮೊದಲು ಪಿಎಚ್ ನೋಡಲೇಬೇಕು.

ಪಿಎಚ್: ನಮ್ಮ ಕಡೆಯವರು ಇದನ್ನು ಬಿಡುವ ಹಾಗಿಲ್ಲ

ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು, ವಿಷವಾದ ಅಮೋನಿಯಾ. ಇನ್ನೊಂದು, ಅಷ್ಟಾಗಿ ಹಾನಿ ಮಾಡದ ಅಮೋನಿಯಂ. ಸಾಮಾನ್ಯ ಕಿಟ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಯಾವುದು ಎಷ್ಟಿದೆ ಎನ್ನುವುದನ್ನು ನಿರ್ಧರಿಸುವುದು ಪಿಎಚ್, ಸ್ವಲ್ಪ ಮಟ್ಟಿಗೆ ತಾಪ. 25 ಡಿಗ್ರಿ ನೀರಿನಲ್ಲಿ ಪಿಎಚ್ 6.5 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಶೇ 0.2 ಮಾತ್ರ. ಪಿಎಚ್ 7ಕ್ಕೆ ಶೇ 0.6, 8ಕ್ಕೆ ಶೇ 5, 8.5ಕ್ಕೆ ಶೇ 15ರ ಹತ್ತಿರ.

ನಮ್ಮ ಎರಡು ಜಿಲ್ಲೆಗಳಲ್ಲಿ ನೀರು ಊರಿಂದ ಊರಿಗೆ ಬೇರೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ನೀರು ಬಹಳ ಮೆದು, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಕಡೂರು, ಅರಸೀಕೆರೆಯ ಬಯಲುಸೀಮೆಗೆ ಬಂದರೆ ಕೊಳವೆಬಾವಿಯ ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಗುರುತು.

ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಮೇಲಿರುತ್ತದೆ, ಹಾಗಾಗಿ ಆ ಕಡೆಯವರಿಗೆ 1 ಪಿಪಿಎಂ ಕೂಡ ತುರ್ತು ಪರಿಸ್ಥಿತಿ. ಮೆದು ನೀರಿನವರ ಕಷ್ಟ ಬೇರೆ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ನೀರಿನ ಕ್ಷಾರದ ಅಂಶವೂ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ. ಅದು ಮುಗಿದ ಮೇಲೆ ಪಿಎಚ್ ಜಾರುತ್ತಾ ಹೋಗಿ 6ರ ಕೆಳಗೆ ಇಳಿದರೆ ಬ್ಯಾಕ್ಟೀರಿಯಾದ ಕೆಲಸ ಬಹುತೇಕ ನಿಲ್ಲುತ್ತದೆ. ಅಮೋನಿಯಾ 3, 4 ಪಿಪಿಎಂ ತೋರಿಸುತ್ತಾ ವಾರಗಟ್ಟಲೆ ಅಲ್ಲೇ ನಿಲ್ಲುತ್ತದೆ. ಮೀನು ಮಾತ್ರ ಹೇಗೋ ಬದುಕಿರುತ್ತದೆ, ಏಕೆಂದರೆ ಅದರಲ್ಲಿ ಬಹುಪಾಲು ಅಮೋನಿಯಂ.

ಈಗ ಅಪಾಯ ಕೇಳಿ. ಪಿಎಚ್ 6.5 ಇರುವ ಟ್ಯಾಂಕಿನಲ್ಲಿ 4 ಪಿಪಿಎಂ ಇದೆ ಅಂದುಕೊಳ್ಳಿ. ವಿಷದ ಪಾಲು 0.007 ಪಿಪಿಎಂ. ಒರತೆ ನೀರು ಬಿಟ್ಟು ಕೊಳವೆಬಾವಿಯ ನೀರು ತಂದು ಅರ್ಧ ಬದಲಾಯಿಸಿದಿರಿ, ಪಿಎಚ್ 8ಕ್ಕೆ ಏರಿತು. ಕಿಟ್ ಈಗ 2 ಪಿಪಿಎಂ ತೋರಿಸುತ್ತದೆ, ಆದರೆ ವಿಷದ ಪಾಲು 0.1. ಅಂಕಿ ಅರ್ಧವಾಯಿತು, ವಿಷ ಹತ್ತು ಪಟ್ಟು ಮೀರಿತು. ನೀರು ಬದಲಾಯಿಸಿದ ಕೂಡಲೇ ಮೀನು ಸತ್ತವು ಎನ್ನುವ ಮನೆಗಳಲ್ಲಿ ಎಷ್ಟೋ ಸಲ ನಡೆದಿರುವುದು ಇದೇ.

ಹಾಗಾಗಿ ಟ್ಯಾಂಕಿನ ಪಿಎಚ್‌ಗೂ ಹೊಸ ನೀರಿನ ಪಿಎಚ್‌ಗೂ 0.5ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಂದೇ ಸಲ ಅರ್ಧ ನೀರು ಹಾಕಬೇಡಿ. ನೂರಕ್ಕೆ ಹತ್ತು ಹದಿನೈದು ಭಾಗ ಬದಲಾಯಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಅಷ್ಟೇ. ಸಾಧ್ಯವಾದರೆ ಟ್ಯಾಂಕ್ ತುಂಬಿಸಿದ ಮೂಲದಿಂದಲೇ ನೀರು ತನ್ನಿ.

ಪಿಎಚ್ ಜಾರಿ ಕೆಲಸ ನಿಂತಿರುವ ಮೆದು ನೀರಿಗೆ ಕ್ಷಾರ ಸೇರಿಸಬೇಕು. ಅದಕ್ಕೆ ಮೊದಲು ಅದೇ ಮೂಲದ ನೀರಿನಿಂದ ಅಮೋನಿಯಾ 1ರ ಕೆಳಗೆ ಇಳಿಸಿಕೊಳ್ಳಿ. ಆಮೇಲೆ 45 ಲೀಟರಿಗೆ ಕಾಲು ಚಮಚ ಅಡುಗೆ ಸೋಡಾವನ್ನು ಒಂದು ಲೋಟ ನೀರಲ್ಲಿ ಕರಗಿಸಿ ನಿಧಾನಕ್ಕೆ ಹಾಕಿ, ಮಾರನೇ ದಿನ ಪಿಎಚ್ ನೋಡಿ. 7ರ ಹತ್ತಿರ ನಿಂತರೆ ಸಾಕು. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಇನ್ನೂ ಸುರಕ್ಷಿತ ದಾರಿ ಎಂದರೆ ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರನ್ನು ಸಣ್ಣ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಹತ್ತಿರ ಇಡುವುದು. ಅದು ನಿಧಾನವಾಗಿ ಕರಗುತ್ತಾ ಪಿಎಚ್ ಹಿಡಿದು ನಿಲ್ಲಿಸುತ್ತದೆ. ನಾನು ಮಲೆನಾಡಿನ ಮನೆಗಳಿಗೆ ಸೋಡಾಕ್ಕಿಂತ ಇದನ್ನೇ ಹೇಳುತ್ತೇನೆ.

ನೀರು ಬದಲಾಯಿಸುವ ಕ್ರಮ

1. ಹೊಸ ನೀರು ತಯಾರು ಮಾಡಿ. ಹಾಸನಕ್ಕೆ ಬರುವ ಹೇಮಾವತಿ ನೀರಿಗಾಗಲಿ, ಚಿಕ್ಕಮಗಳೂರಿಗೆ ಬರುವ ಯಗಚಿ, ಹಿರೇಕೊಳಲೆ ಕೆರೆಯ ನೀರಿಗಾಗಲಿ, ಕುಡಿಯುವ ನೀರೆಂದ ಮೇಲೆ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯನ್ನು ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಬಕೆಟ್‌ಗೇ ಹಾಕಿ. ಇಲ್ಲವೇ ಬಾಯಿ ತೆರೆದ ಬಕೆಟ್‌ನಲ್ಲಿ 24 ಗಂಟೆ ಇಡಿ, ಗಾಳಿ ಗುಳ್ಳೆ ಬಿಟ್ಟರೆ ಇನ್ನೂ ಒಳ್ಳೆಯದು. ಕೊಳವೆಬಾವಿ ನೀರಿಗೆ ಕ್ಲೋರಿನ್ ಇರುವುದಿಲ್ಲ, ಆದರೆ ಆಮ್ಲಜನಕ ಕಡಿಮೆ, ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದನ್ನೂ ಒಂದು ರಾತ್ರಿ ಗಾಳಿ ಆಡಿಸಿಯೇ ಬಳಸಿ.

2. ಬಕೆಟ್ ಮೀನಿಗೆಂದೇ ಬೇರೆ ಇರಲಿ. ಸೋಪಿನ ಬಕೆಟ್ ಬೇಡ. ತೋಟದ ಮನೆಯವರಿಗೆ ಇದನ್ನು ಒತ್ತಿ ಹೇಳಬೇಕು: ಕಾಫಿಗೆ, ಅಡಿಕೆಗೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಪೈಪು ಯಾವುದನ್ನೂ ಮುಟ್ಟಬೇಡಿ. ಅದರಲ್ಲಿರುವ ಮೈಲುತುತ್ತ ಎಂದರೆ ತಾಮ್ರ. ಬಹಳ ಕಡಿಮೆ ತಾಮ್ರವೂ ಮೀನಿಗೆ, ಅದಕ್ಕಿಂತ ಜಾಸ್ತಿ ಸೀಗಡಿ, ಬಸವನಹುಳುವಿಗೆ ವಿಷ.

3. ತಾಪ ಸರಿಹೊಂದಿಸಿ. ಕೈಗೆ ಎರಡೂ ನೀರು ಒಂದೇ ತರ ಅನಿಸಬೇಕು. ಚಳಿಗೆ ಬಿಸಿನೀರು ಬೆರೆಸಬೇಕಾದರೆ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಬಚ್ಚಲಿನ ತಾಮ್ರದ ಹಂಡೆಯ ನೀರು ಬೇಡ, ಮೆದು ನೀರು ಬಿಸಿಯಾದಾಗ ತಾಮ್ರವನ್ನು ಬೇಗ ಕರಗಿಸಿಕೊಳ್ಳುತ್ತದೆ.

4. ಹೀಟರ್, ಫಿಲ್ಟರ್ ಪ್ಲಗ್ ತೆಗೆಯಿರಿ. ನೀರಿನಿಂದ ಹೊರಗೆ ಬಂದ ಬಿಸಿ ಹೀಟರ್ ಒಡೆಯುತ್ತದೆ.

5. ಒಂದು ಪ್ಲಾಸ್ಟಿಕ್ ಪೈಪಿನಿಂದ ತಳದ ನೀರು ಎಳೆಯಿರಿ. ಪೈಪಿನ ಬಾಯಿ ಜಲ್ಲಿಯ ಮೇಲೆ ಆಡುತ್ತಾ ಕೊಳೆಯನ್ನು ಹೀರಬೇಕು. ಮೇಲಿನ ನೀರನ್ನು ಚೊಂಬಿನಲ್ಲಿ ಮೊಗೆದರೆ ಕೊಳೆ ಅಲ್ಲೇ ಉಳಿಯುತ್ತದೆ, ನಾಳೆ ಮತ್ತೆ ಅಮೋನಿಯಾ. ತೆಗೆದ ನೀರು ಹೂವಿನ ಕುಂಡಗಳಿಗೆ ಒಳ್ಳೆಯದು.

6. ಹೊಸ ನೀರನ್ನು ಒಂದು ತಟ್ಟೆಯ ಮೇಲೆ ಬೀಳುವಂತೆ ನಿಧಾನಕ್ಕೆ ಸುರಿಯಿರಿ. ಫಿಲ್ಟರ್ ಮತ್ತೆ ಹಾಕಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿ, ಅಂಕಿ ಬರೆದಿಡಿ.

ಗೋಡೆಯ ಕ್ಯಾಲೆಂಡರಿನಲ್ಲೇ ಬರೆದರೂ ಸಾಕು. ಎರಡು ವಾರದ ಅಂಕಿ ಕಣ್ಣ ಮುಂದಿದ್ದರೆ ಅಮೋನಿಯಾ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ, ಸುಮ್ನೆ ಅಂದಾಜಿನ ಮೇಲೆ ಓಡಾಡುವುದು ತಪ್ಪುತ್ತದೆ.

ಬ್ಯಾಕ್ಟೀರಿಯಾ ಬೇಗ ಬೆಳೆಯಲು

ಎಲ್ಲಕ್ಕಿಂತ ಒಳ್ಳೆಯ ಉಪಾಯ ಹಳೆಯ ಟ್ಯಾಂಕಿನ ಸ್ಪಂಜ್. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದು. ನೆಂಟರ ಮನೆಯಲ್ಲಿ ಆರು ತಿಂಗಳಿಂದ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇದ್ದರೆ ಅದರ ಫಿಲ್ಟರಿನ ಸ್ಪಂಜಿನಲ್ಲಿ ಒಂದು ತುಂಡು, ಇಲ್ಲವೇ ಒಂದು ಹಿಡಿ ಜಲ್ಲಿ ಕೇಳಿ ತನ್ನಿ. ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ, ಡಬ್ಬಿಯಲ್ಲಿ ಗಾಳಿಗೆ ಜಾಗ ಬಿಟ್ಟು ತರಬೇಕು. ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ತರುವಷ್ಟು ಹೊತ್ತಿಗೆ ಏನೂ ಆಗುವುದಿಲ್ಲ, ಒಣಗಲು ಬಿಡಬಾರದು, ಬಿಸಿಲಿಗೆ ಇಡಬಾರದು ಅಷ್ಟೇ. ಬಂದ ಕೂಡಲೇ ನಿಮ್ಮ ಫಿಲ್ಟರಿನೊಳಗೆ ಸೇರಿಸಿ. ಒಂದು ಎಚ್ಚರ: ಆ ಟ್ಯಾಂಕಿನಲ್ಲಿ ಇತ್ತೀಚೆಗೆ ಮೀನು ಸತ್ತಿದ್ದರೆ, ಬಿಳಿ ಚುಕ್ಕೆ ರೋಗ ಬಂದಿದ್ದರೆ ತರಬೇಡಿ.

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾದಲ್ಲಿ ಕೆಲವು ಕೆಲಸ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಕೆಲವದರಲ್ಲಿ ಕಸ ಕೊಳೆಸುವ ಬ್ಯಾಕ್ಟೀರಿಯಾ ಇರುತ್ತದೆ, ಅಮೋನಿಯಾ ತಿನ್ನುವುದಲ್ಲ. ಕೊಂಡರೆ ತಯಾರಾದ ದಿನಾಂಕ ನೋಡಿ ಕೊಳ್ಳಿ. ಅದನ್ನು ಹಾಕಿದ ಮೇಲೂ ಪರೀಕ್ಷೆ ನಿಲ್ಲಿಸಬೇಡಿ.

ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬಹಳ ಬೇಕು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಎತ್ತರದಲ್ಲಿದೆ. ಅದೇ ತಾಪದ ನೀರು ಮಂಗಳೂರಿನಲ್ಲಿ ಹಿಡಿದಿಡುವುದಕ್ಕಿಂತ ಇಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಅದಕ್ಕೆ ಫಿಲ್ಟರ್ ಜೊತೆಗೆ ಏರ್ ಪಂಪ್ ಕೂಡ ಇರಲಿ. ರಾತ್ರಿ ಸದ್ದಾಗುತ್ತದೆ ಅಂತ ಯಾವುದನ್ನೂ ಆರಿಸಬೇಡಿ, ಫಿಲ್ಟರ್ 24 ಗಂಟೆ ಓಡಬೇಕು.

ತಾಪ 25ರಿಂದ 28 ಡಿಗ್ರಿ ಇದ್ದರೆ ಬ್ಯಾಕ್ಟೀರಿಯಾ ಚುರುಕು. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ನಮ್ಮಲ್ಲಿ ಗಾಳಿಯ ತಾಪ 15 ಡಿಗ್ರಿ ಆಸುಪಾಸಿಗೆ ಬರುತ್ತದೆ, ಹೆಂಚಿನ ಮನೆಯಲ್ಲಿ ಟ್ಯಾಂಕ್ ನೀರೂ ತಣ್ಣಗಾಗುತ್ತದೆ. ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ 50 ವಾಟ್ ಹೀಟರ್ 45 ಲೀಟರಿಗೆ ಸಾಕು. ಮಳೆಗಾಲದ ಥಂಡಿಗೂ ಅದು ಬೇಕಾಗುತ್ತದೆ.

ಮಳೆಗಾಲ ಎಂದ ಮೇಲೆ ಕರೆಂಟಿನ ಮಾತು ಬಂದೇ ಬರುತ್ತದೆ. ಜುಲೈ ಗಾಳಿಮಳೆಗೆ ಮರ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿರುವುದು ಮಲೆನಾಡಿನಲ್ಲಿ ಹೊಸದಲ್ಲ. ಫಿಲ್ಟರಿನಲ್ಲಿ ನೀರು ಹರಿಯದೆ ನಿಂತರೆ, ಅದರಲ್ಲೂ ಮುಚ್ಚಿದ ಡಬ್ಬಿಯಂಥ ಫಿಲ್ಟರಿನಲ್ಲಿ, ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಕರೆಂಟ್ ಬಂದಾಗ ಆ ಕೊಳೆತ ನೀರೆಲ್ಲಾ ಟ್ಯಾಂಕಿಗೆ. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದು ಮನೆಯಲ್ಲಿರಲಿ, ಮನೆಯ ಇನ್ವರ್ಟರಿಗೆ ಟ್ಯಾಂಕಿನ ಏರ್ ಪಂಪ್ ಕೊಟ್ಟರೂ ಆಯಿತು, ಅದು ತಿನ್ನುವುದು ಕೆಲವೇ ವಾಟ್. ಏನೂ ಇಲ್ಲದಿದ್ದರೆ ಸ್ಪಂಜನ್ನು ಬಿಚ್ಚಿ ಟ್ಯಾಂಕಿನ ನೀರಿನಲ್ಲೇ ತೇಲಬಿಡಿ, ಆಗಾಗ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯಿರಿ. ಕರೆಂಟ್ ಇಲ್ಲದ ದಿನ ತಿಂಡಿ ಬೇಡ. ಇಲ್ಲಿನ ಮನೆಗಳಿಗೆ ಬೇರೆ ಫಿಲ್ಟರಿಗಿಂತ ಏರ್ ಪಂಪಿನಲ್ಲಿ ಓಡುವ ಸ್ಪಂಜ್ ಫಿಲ್ಟರೇ ಮೇಲು ಎಂದು ನಾನು ಹೇಳುವುದು ಇದಕ್ಕೇ. ಬೆಲೆಯೂ ಕಡಿಮೆ.

ಗಿಡಗಳು ಅಮೋನಿಯಂ ಅನ್ನು ನೇರವಾಗಿ ಹೀರುತ್ತವೆ. ಹಾರ್ನ್‌ವರ್ಟ್‌ನಂಥ ಬೇಗ ಬೆಳೆಯುವ ಗಿಡ ಹಾಕಿ. ಮನೆಯಲ್ಲಿರುವ ಮನಿ ಪ್ಲಾಂಟಿನ ಬಳ್ಳಿಯನ್ನು ಬೇರು ಮಾತ್ರ ನೀರಿಗಿಳಿಯುವಂತೆ ಟ್ಯಾಂಕಿನ ಅಂಚಿಗೆ ಸಿಕ್ಕಿಸಿದರೂ ಒಳ್ಳೆಯ ಕೆಲಸ ಮಾಡುತ್ತದೆ. ಕೆರೆಯಿಂದ ಅಂತರಗಂಗೆ ತರುವವರು ಅದನ್ನು ಬೇರೆ ಬಕೆಟ್‌ನಲ್ಲಿ ಒಂದು ವಾರ ಇಟ್ಟು, ನೀರು ಬದಲಾಯಿಸಿ, ಹುಳ, ಜಿಗಣೆ ಇಲ್ಲವೆಂದು ನೋಡಿ ಹಾಕಿ. ಕಳೆನಾಶಕ, ಔಷಧಿ ಹೊಡೆದ ಗದ್ದೆ ತೋಟದ ಕೆಳಗಿನ ಹಳ್ಳದಿಂದ ತರಬೇಡಿ.

ಬೇಡದ ಕೆಲಸಗಳು

ಸ್ಪಂಜ್ ಕಟ್ಟಿಕೊಂಡರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಮೆಲ್ಲಗೆ ಹಿಂಡಿ. ಹೊಸ ಸ್ಪಂಜ್ ಹಾಕಬೇಡಿ.

ಮೀನು ಸುಸ್ತಾಗಿದೆ ಎಂದರೆ ನೀಲಿ ಹನಿ ಕೊಡುವವರಿದ್ದಾರೆ. ಅದು ಮಿಥಿಲೀನ್ ಬ್ಲೂ. ಬೂಷ್ಟಿಗೆ ಅದರದ್ದೇ ಉಪಯೋಗ ಇದೆ, ಆದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೆ ಅದು ಹಾನಿ. ಆಂಟಿಬಯಾಟಿಕ್ ಕೂಡ ಹಾಗೆಯೇ. ಔಷಧಿ ಕೊಡಲೇಬೇಕಾದರೆ ಮೀನನ್ನು ಬೇರೆ ಪಾತ್ರೆಗೆ ಹಾಕಿ ಕೊಡಿ.

ಕಪ್ಪು ಇದ್ದಿಲಿನ ಕಾರ್ಬನ್ ಅಮೋನಿಯಾ ಹೀರುವುದಿಲ್ಲ. ಜಿಯೋಲೈಟ್ ಕಲ್ಲು ಹೀರುತ್ತದೆ, ತುರ್ತಿಗೆ ಉಪಯೋಗವಾಗುತ್ತದೆ. ಆದರೆ ಜಿಯೋಲೈಟ್ ಇರುವಾಗ ಉಪ್ಪು ಹಾಕಿದರೆ ಹೀರಿದ ಅಮೋನಿಯಾವನ್ನು ಅದು ವಾಪಸ್ ಬಿಡುತ್ತದೆ. ಅಮೋನಿಯಾ ಕಟ್ಟಿಹಾಕುತ್ತೇವೆ ಎನ್ನುವ ದ್ರಾವಣಗಳನ್ನು ನೀರು ಬದಲಾವಣೆಯ ಬದಲಿಗೆ ಬಳಸಬೇಡಿ.

ಮೊದಲ ವಾರ ನೀರು ಹಾಲಿನಂತೆ ಬೆಳ್ಳಗಾದರೆ ಹೆದರಬೇಡಿ. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ, ತಿಂಡಿ ಕಡಿಮೆ ಮಾಡಿದರೆ ಕೆಲವು ದಿನಗಳಲ್ಲಿ ತಾನಾಗಿ ಹೋಗುತ್ತದೆ.

ಮೀನು ಜಾಸ್ತಿಯಾಗಿದೆ ಎನಿಸಿದರೆ ಅಂಗಡಿಗೆ ವಾಪಸ್ ಕೊಡಿ, ಸಾಕುವವರಿಗೆ ಕೊಡಿ. ಕೆರೆಗೆ, ಹೊಳೆಗೆ ಬಿಡಬೇಡಿ. ಸಕ್ಕರ್ ಮೀನಿನಂಥ ಹೊರಗಿನ ಜಾತಿಗಳು ನಮ್ಮ ಹೊಳೆಗಳಲ್ಲಿ ನೆಲೆಯೂರಿದರೆ ಇಲ್ಲಿನ ಮೀನುಗಳಿಗೆ ಉಳಿಗಾಲವಿಲ್ಲ. ಹೇಮಾವತಿಯೂ ಭದ್ರೆಯೂ ಹುಟ್ಟುವ ನಾಡು ನಮ್ಮದು, ಆ ಜವಾಬ್ದಾರಿ ನಮಗೆ ಇರಲೇಬೇಕು.

ಎರಡನೇ ಗಂಡಾಂತರ: ನೈಟ್ರೈಟ್

ಎರಡು ಮೂರು ವಾರಕ್ಕೆ ಅಮೋನಿಯಾ ಇಳಿಯತೊಡಗುತ್ತದೆ. ಖುಷಿಯಾಗುವ ಹೊತ್ತಿಗೆ ನೈಟ್ರೈಟ್ ಏರುತ್ತದೆ. ಇದು ಮೀನಿನ ರಕ್ತ ಆಮ್ಲಜನಕ ಹೊರುವುದನ್ನೇ ತಡೆಯುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಮದ್ದು ಅದೇ ನೀರು ಬದಲಾವಣೆ. ಜೊತೆಗೆ ಇಲ್ಲಿ ಉಪ್ಪು ನಿಜವಾಗಿಯೂ ಸಹಾಯ ಮಾಡುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗದಂತೆ ಅಡ್ಡ ನಿಲ್ಲುತ್ತದೆ. ಏನೂ ಬೆರೆಸದ ಕಲ್ಲುಪ್ಪು ಲೀಟರಿಗೆ ಅರ್ಧ ಗ್ರಾಂ, ಅಂದರೆ 45 ಲೀಟರಿಗೆ 22 ಗ್ರಾಂ, ಕರಗಿಸಿ ಹಾಕಿ. ಉಪ್ಪು ಆವಿಯಾಗಿ ಹೋಗುವುದಿಲ್ಲ, ಆದ್ದರಿಂದ ಮುಂದಿನ ಸಲ ಬದಲಾಯಿಸಿದ ನೀರಿಗೆ ಬೇಕಾದಷ್ಟನ್ನು ಮಾತ್ರ ಸೇರಿಸಿ. ಅಮೋನಿಯಾಕ್ಕೆ ಉಪ್ಪಿನಿಂದ ಪ್ರಯೋಜನವಿಲ್ಲ.

ಇನ್ನೂ ಮೀನು ಬಿಟ್ಟಿಲ್ಲದವರಿಗೆ

ನಿಮ್ಮ ಅದೃಷ್ಟ ಒಳ್ಳೆಯದು. ಮೀನಿಲ್ಲದೆಯೇ ಟ್ಯಾಂಕನ್ನು ಪಕ್ಕಾ ಮಾಡಿಕೊಳ್ಳಿ. ಫಿಲ್ಟರ್, ಹೀಟರ್ ಓಡಿಸಿ. ಶುದ್ಧ ಅಮೋನಿಯಂ ಕ್ಲೋರೈಡ್ ಸಿಕ್ಕರೆ 45 ಲೀಟರಿಗೆ ಸುಮಾರು 0.3 ಗ್ರಾಂ ಹಾಕಿ, 2 ಪಿಪಿಎಂ ಬರುತ್ತದೆ. ಅದು ಸಿಗದಿದ್ದರೆ ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ ಕೊಳೆಯಲು ಬಿಡಿ. ಪರಿಮಳ ಬೆರೆಸಿದ ನೆಲ ಒರೆಸುವ ಅಮೋನಿಯಾ ಬೇಡವೇ ಬೇಡ. ಅಮೋನಿಯಾ ಇಳಿದಾಗ ಮತ್ತೆ 2ಕ್ಕೆ ತನ್ನಿ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆಯಾದರೆ ಟ್ಯಾಂಕ್ ತಯಾರು. ಮೀನು ತರುವ ಹಿಂದಿನ ದಿನ ಅರ್ಧಕ್ಕಿಂತ ಜಾಸ್ತಿ ನೀರು ಬದಲಾಯಿಸಿ ನೈಟ್ರೇಟ್ ಇಳಿಸಿ.

ಮುಂದಿನ ಮೀನು ಯಾವಾಗ?

ದಿನಾ ತಿಂಡಿ ಹಾಕುತ್ತಿದ್ದರೂ ಒಂದು ವಾರ ಪೂರ್ತಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ನಿಂತು ನೈಟ್ರೇಟ್ ಕಾಣಿಸಿದರೆ ಬ್ಯಾಕ್ಟೀರಿಯಾ ನೆಲೆ ನಿಂತಿದೆ. ಅಲ್ಲಿಂದ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದರೆ ಸಾಕು.

ಆದರೆ ಬ್ಯಾಕ್ಟೀರಿಯಾ ಬೆಳೆದಿರುವುದು ಈಗಿರುವ ಮೀನುಗಳ ಅಮೋನಿಯಾಕ್ಕೆ ಸರಿಯಾಗಿ. ಒಮ್ಮೆಗೇ ಹತ್ತು ಮೀನು ತಂದರೆ ಮತ್ತೆ ಏರುತ್ತದೆ. ಗಪ್ಪಿ, ಜೀಬ್ರಾ ಡೇನಿಯೊದಂಥ ಸಣ್ಣ ಗಟ್ಟಿ ಮೀನುಗಳನ್ನು ಎರಡು ಮೂರರಂತೆ ತನ್ನಿ. ಗೋಲ್ಡ್‌ಫಿಶ್ ಕೊಳೆ ಜಾಸ್ತಿ ಮಾಡುವ, ದೊಡ್ಡದಾಗಿ ಬೆಳೆಯುವ ಮೀನು. ಎರಡಡಿ ಟ್ಯಾಂಕಿಗೆ ಅದು ಸರಿಯಲ್ಲ, ದುಂಡು ಗಾಜಿನ ಬೌಲಿಗಂತೂ ಅಲ್ಲವೇ ಅಲ್ಲ. ಹೊಸ ಮೀನು ಬಿಟ್ಟ ಮೇಲೆ ಒಂದು ವಾರ ದಿನ ಬಿಟ್ಟು ದಿನ ಅಮೋನಿಯಾ ನೋಡಿ, ಸೊನ್ನೆಯಲ್ಲೇ ಇದ್ದರೆ ಎರಡು ವಾರದ ನಂತರ ಇನ್ನೆರಡು ತನ್ನಿ.